ಕೀಲಿ ಮಾವನ ಪಾಲಿನ ಬಾಟಲಿ

"ಕೈ ಅಲುಗ್ತಾನೇ ಇಲ್ಲ. ಮತ್ಯಾಕೆ ಮಾವ ಈ ಬೀಗ ಬಾಯಿ ಬಿಡ್ತಿಲ್ಲ?" ಟ್ರಂಕು ತಂದಿದ್ದ ಹೆಂಗಸು ಕೇಳಿದಳು.

ಕೀಲಿ ಮಾವ ತಂತಿಯನ್ನು ಬೀಗದ ತೂತಿಗೆ ತೂರಿಸಿ, ಕಿವಿಯನ್ನು ಹತ್ತಿರ ತಂದು, ಉಸಿರು ಬಿಗಿಹಿಡಿದು ತಿರುಗಿಸಿದ. ಒಳಗೆ ಏನೋ ಒಂದಿಷ್ಟು ಸರಿಯಿತು. ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಮಹಿಳಾ ಇನ್ಸ್‌ಪೆಕ್ಟರ್‌ಗೂ ಆ ಸದ್ದು ಕೇಳಿಸಿತು. ಆದರೆ ಮತ್ತೆ ತಂತಿ ಹಾಕುವಾಗ ಮಾವ ಆ ಜಾಗವನ್ನೇ ಮರೆತು ಬೇರೆಲ್ಲೋ ತಡಕಾಡಿದ. ಸಿಕ್ಕಿದ್ದು ಕೈಯಲ್ಲಿ ನಿಲ್ಲಲಿಲ್ಲ.

"ಹೋಗ್ಲಿ ಬಿಡು, ಮುರಿದೇ ಹಾಕು. ಒಳಗೇನು ರಾಣಿ ಒಡವೆ ಇಲ್ಲ. ನಮ್ಮನೆಯವರ ಹಳೇ ಸ್ವೆಟರ್ ಇದೆ ಅಷ್ಟೆ."

"ನಾಳೆ ಬಾರಮ್ಮ."

"ನಿನ್ನೇನೂ ನಾಳೆ ಅಂದೆ. ಇನ್ನೊಂದು ನಾಳೆ ಆದ್ರೆ ಸ್ವೆಟರ್‌ಗೆ ಗಡ್ಡ ಬರುತ್ತೆ," ಎಂದು ಗೊಣಗಿಕೊಂಡು ಅವಳು ಟ್ರಂಕನ್ನು ಅಲ್ಲೇ ಬಿಟ್ಟು ಹೋದಳು.

ಹಿಂದಿನ ಕೀಲಿ ಮಾವನಾಗಿದ್ದರೆ ಈ ಮಾತಿಗೆ ಎರಡು ಮಾತು ಸೇರಿಸಿ ನಗಿಸಿ ಕಳಿಸುತ್ತಿದ್ದ. ಇವತ್ತು ತಂತಿಯನ್ನು ಬೆಂಚಿನ ಮೇಲಿಟ್ಟು ಸುಮ್ಮನೆ ಅದನ್ನೇ ನೋಡಿದ.

ಅವನ ತಮ್ಮ, ಅದೇ ಬೀದಿಯ ಟೈಲರ್, ನಡುಗು ರೋಗದ ಮಾತ್ರೆಗಳನ್ನು ಬಿಟ್ಟು, ಆಸ್ಪತ್ರೆಯ ಮೊಹರಿದ್ದ ಯಾವುದೋ ಬಾಟಲಿಯ ಹನಿ ಔಷಧಿ ಕುಡಿದು, ಮೈ ಮರಗಟ್ಟಿ ಸತ್ತು ವಾರ ಕಳೆದಿತ್ತು. ಬಾಟಲಿ ಕದ್ದು ಮಾರಿದಳೆಂಬ ಆಪಾದನೆ ಹೊತ್ತು ಆಸ್ಪತ್ರೆಯಲ್ಲಿ ಔಷಧಿ ಹಂಚುವ, ಎಲ್ಲರೂ ಔಷಧಿ ಅಕ್ಕ ಎನ್ನುವ ಹೆಂಗಸು ಠಾಣೆಯಲ್ಲಿ ಕೂತಿದ್ದಳು. ನಾಳೆ ಅವಳನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು.

ಅವಳ ಮೇಲೆ ಅನುಮಾನ ಬರಲು ಕಾರಣವಿತ್ತು. ಔಷಧಿ ಇಟ್ಟಿದ್ದ ಕಬ್ಬಿಣದ ಬೀರುವಿನ ಬೀಗ ಮುರಿದಿರಲಿಲ್ಲ. ಅದರ ಕೀಲಿ ಇದ್ದದ್ದು ಅವಳ ಸೊಂಟದಲ್ಲಿ.

ಇನ್ಸ್‌ಪೆಕ್ಟರ್ ತಲೆ ತಿನ್ನುತ್ತಿದ್ದದ್ದು ಇನ್ನೊಂದು. ಬೀರುವಿನಿಂದ ಕಾಣೆಯಾದದ್ದು ಅಸಲಿ ಔಷಧಿಯ ಬಾಟಲಿ. ಸತ್ತವನ ದಿಂಬಿನ ಬಳಿ ಸಿಕ್ಕಿದ್ದು ಬಣ್ಣ ಬೆರೆಸಿದ ಕಹಿ ನೀರು; ಮನೆಯವರಿಗೆ ಇದನ್ನು ಅವಳು ಇನ್ನೂ ಹೇಳಿರಲಿಲ್ಲ. ಆ ಬಾಟಲಿಯ ಮೇಲಿನ ಹೆಸರಿನ ಲೇಬಲನ್ನು ಯಾರೋ ನೆನೆಸಿ ಕಿತ್ತಿದ್ದರು.

ಈಗ ಇದರ ಜೊತೆಗೆ ಈ ಬೀಗ. ಕೆಲವು ತಿಂಗಳ ಹಿಂದೆ ಇನ್ಸ್‌ಪೆಕ್ಟರ್ ಮನೆಯ ಅಲ್ಮೆರಾ ಕೀಲಿ ಕಳೆದಾಗ ಇದೇ ಕೀಲಿ ಮಾವ ಬಂದಿದ್ದ. ಅವನಿಗೂ ತಮ್ಮನದೇ ನಡುಗು ರೋಗ, ಆಗ ಆಸ್ಪತ್ರೆಯ ಹನಿ ಕುಡಿಯುತ್ತಿದ್ದ. ಬೆರಳು ಸಣ್ಣಗೆ ನಡುಗುತ್ತಲೇ ಇತ್ತು. ಆದರೆ ಒಂದು ಕಡೆ ಚೂರು ಸಡಿಲ ಸಿಕ್ಕಿದರೆ ಸಾಕು, ಹಸಿದ ಕೂಸು ಎದೆ ಹುಡುಕಿದ ಹಾಗೆ ಮತ್ತೆ ಮತ್ತೆ ಅಲ್ಲಿಗೇ ಹೋಗಿ, ಮಾತಾಡುತ್ತಾಡುತ್ತಲೇ ತೆಗೆದಿದ್ದ. ಇವತ್ತು ಬೆರಳು ಕಲ್ಲಿನಂತೆ ನಿಂತಿದೆ, ಬೀಗ ಮಾತ್ರ ಬರುತ್ತಿಲ್ಲ.

ದುಃಖ ಇರಬಹುದು ಅಂದುಕೊಂಡಳು. ಆದರೆ ದುಃಖಕ್ಕೆ ಕೈ ನಡುಗಬೇಕು. ಯಾರ ಕೈಯನ್ನಾದರೂ ದುಃಖ ಹೀಗೆ ನಿಲ್ಲಿಸಿದ್ದುಂಟೇ?

"ಭಾವ, ಊಟ," ಎನ್ನುತ್ತ ತಮ್ಮನ ಹೆಂಡತಿ ಡಬ್ಬಿ ಹಿಡಿದು ಒಳಗೆ ಬಂದಳು. ಬಂದವಳು ಇನ್ಸ್‌ಪೆಕ್ಟರನ್ನು ನೋಡಿ ಸೆರಗು ಸರಿಮಾಡಿಕೊಂಡಳು. ಅತ್ತು ಅತ್ತು ಕಣ್ಣಿನ ಸುತ್ತ ಊದಿಕೊಂಡಿತ್ತು.

"ನೀನ್ಯಾಕೆ ತರೋಕೆ ಹೋದೆ? ನಾನೇ ಬರ್ತಿದ್ದೆ," ಎಂದ ಕೀಲಿ ಮಾವ. ಅವಳ ಮುಖ ನೋಡಲಿಲ್ಲ.

"ನೀವು ಬರಲ್ಲ. ನಿನ್ನೆನೂ ಬರಲಿಲ್ಲ. ಅಲ್ಲಿ ಒಬ್ಬಳೇ ಆ ಹೊಲಿಗೆ ಮೆಷಿನ್ ನೋಡ್ತಾ ಕೂತ್ಕೊಳ್ಳೋಕೆ ಆಗಲ್ಲ ಭಾವ." ಆಮೇಲೆ ಇನ್ಸ್‌ಪೆಕ್ಟರ್ ಕಡೆ ತಿರುಗಿದಳು. "ಆ ಹನಿ ಕುಡಿದ ಮೊದಲ ದಿನ ನಮ್ಮನೆಯವರು ಸೂಜಿಗೆ ದಾರ ಪೋಣಿಸಿದ್ರು ಮೇಡಂ. ಎಷ್ಟು ಕಾಲ ಆಗಿತ್ತೋ ಪೋಣಿಸಿ. ನನ್ನ ಕರೆದು ತೋರಿಸಿದ್ರು. ಸೂಜಿ ಹಿಡ್ಕೊಂಡು ಮಗು ಥರ ನಕ್ಕರು. ಅಂಥ ಔಷಧಿ ಜೀವ ತೆಗೆಯುತ್ತಾ?"

ಕೀಲಿ ಮಾವ ಡಬ್ಬಿಯನ್ನು ಅತ್ತ ಸರಿಸಿಟ್ಟ. ಅದನ್ನು ಸರಿಸುವಾಗ ಒಂದು ಸ್ಕ್ರೂಡ್ರೈವರ್ ಉರುಳಿ ಇನ್ಸ್‌ಪೆಕ್ಟರ್ ಕಾಲ ಬಳಿ ಬಿತ್ತು. ಎತ್ತಿ ಕೊಡಲು ಹೋದವಳ ಹೆಬ್ಬೆರಳಿಗೆ ಅದರ ಹಿಡಿಯ ಮೇಲೆ ಗೆರೆ ತಾಗಿತು. ಅರದಿಂದ ಉಜ್ಜಿ ಕೊರೆದ ಸಣ್ಣ ಸಣ್ಣ ಗೆರೆ.

"ಇದ್ಯಾಕೆ ಮಾವ?"

"ಕಾಯಿಲೆ ಶುರುವಾದ ಮೇಲೆ ಬೆರಳು ಜಾರೋದು. ಗೆರೆ ಹಾಕಿದ್ರೆ ಹಿಡಿತ ಬರುತ್ತೆ. ಎಲ್ಲದಕ್ಕೂ ಹಾಕ್ಕೊಂಡಿದೀನಿ."

ಅವಳು ಸ್ಕ್ರೂಡ್ರೈವರನ್ನು ಬೆಂಚಿನ ಮೇಲಿಟ್ಟು ಎದ್ದಳು. ದಿಂಬಿನ ಬಳಿ ಸಿಕ್ಕಿ ಈಗ ಠಾಣೆಯ ಕಪಾಟಿನಲ್ಲಿರುವ ಆ ಬಾಟಲಿಯ ಮುಚ್ಚಳದ ಅಂಚಿನಲ್ಲೂ ಇಂಥದೇ ಗೆರೆಗಳಿದ್ದವು. ಕಾರ್ಖಾನೆಯಲ್ಲೇ ಬಂದದ್ದೆಂದು ಇಷ್ಟು ದಿನ ಅವಳು ಅಂದುಕೊಂಡಿದ್ದಳು.

*

ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ಮತ್ತೆ ತೆಗೆದರು.

"ಯಾರಿಗೆ ಯಾವ ಬಾಟಲಿ ಅಂತ ನಾವು ಹೊರಗೆ ಹೇಳೋ ಹಾಗಿಲ್ಲ."

"ಒಬ್ಬರು ಸತ್ತಿದಾರೆ ಡಾಕ್ಟರೇ. ಇನ್ನೊಬ್ಬಳು ಜೈಲಿಗೆ ಹೊರಟಿದಾಳೆ."

ಡಾಕ್ಟರು ಬಾಗಿಲು ಮುಚ್ಚಿ ಬಂದು ಕೂತರು. ಅವರ ಹಿಂದಿನ ಮೇಜಿನ ಮೇಲೆ ಎರಡು ಗುಂಡಿಗಳಿದ್ದ ಒಂದು ಪೆಟ್ಟಿಗೆ ಇತ್ತು. ಅದನ್ನು ಮುಂದಕ್ಕೆ ಎಳೆದುಕೊಂಡರು.

"ನೋಡಿ, ಈ ಗುಂಡಿ ಒತ್ತಿದ್ರೆ ಹೆಚ್ಚು ಸಲ ಗಂಟೆ ಹೊಡೆಯುತ್ತೆ. ಅದು ಒತ್ತಿದ್ರೆ ಹೆಚ್ಚು ಸಲ ಗೊರ್ ಅನ್ನುತ್ತೆ. ಯಾವುದು ಒಳ್ಳೇದು ಅಂತ ಒತ್ತಿ ಒತ್ತಿ ಕಲೀಬೇಕು. ಈ ಕಾಯಿಲೆಯವರು ಬೈಸ್ಕೊಂಡಿದ್ದನ್ನ ಬೇಗ ಕಲೀತಾರೆ, ಹೊಗಳಿಸ್ಕೊಂಡಿದ್ದು ಮನಸ್ಸಿಗೆ ಹತ್ತೋದೇ ಇಲ್ಲ. ಗೊರ್ ಅಂದ ಕಡೆ ಹೋಗಲ್ಲ, ಆದ್ರೆ ಗಂಟೆ ಹೊಡೆದ ಕಡೆಗೂ ಹೋಗಲ್ಲ. ಔಷಧಿ ಕೊಟ್ರೆ ಇದು ತಿರುಗುಮುರುಗಾಗುತ್ತೆ. ಗಂಟೆ ಕೇಳಿಸಿದ ಕಡೆ ಕೈ ತಾನಾಗಿ ಹೋಗುತ್ತೆ."

"ಔಷಧಿ ಕೊಡದೇ ಇದ್ರೆ?"

"ಅದೇ ನಾವು ಹುಡುಕ್ತಿರೋದು. ಈ ಪ್ರಯೋಗದಲ್ಲಿ ಅರ್ಧ ಜನಕ್ಕೆ ಬೀರುವಿನ ಮೇಲಿನ ತಟ್ಟೆ ಬಾಟಲಿ, ಅಸಲಿ. ಅರ್ಧ ಜನಕ್ಕೆ ಕೆಳಗಿನ ತಟ್ಟೇದು, ಬರೀ ಕಹಿ ನೀರು. ಹೀಗೆ ಎರಡು ಥರ ಇದೆ ಅಂತ ಎಲ್ಲರಿಗೂ ಹೇಳಿ, ಒಪ್ಪಿಸಿಯೇ ಸೇರಿಸ್ಕೊಂಡಿರೋದು. ತಮ್ಮದು ಯಾವುದು ಅಂತ ಮಾತ್ರ ಯಾರಿಗೂ ಗೊತ್ತಿಲ್ಲ. ಕೆಳಗಿನ ತಟ್ಟೆಯವರಲ್ಲಿ ಕೆಲವರು ನಮಗೆ ಬಂದಿರೋದು ಅಸಲಿ ಅಂತ ಗಟ್ಟಿಯಾಗಿ ನಂಬಿಬಿಟ್ರು. ಅವರೂ ಗಂಟೆ ಕಡೆಗೇ ಹೋದ್ರು. ಔಷಧಿ ಕುಡಿದವರ ಹಾಗೇ ಕಲಿತ್ರು."

"ಕೀಲಿ ಮಾವ?"

ಡಾಕ್ಟರು ಪೆಟ್ಟಿಗೆಯನ್ನು ಹಿಂದಕ್ಕೆ ಸರಿಸಿದರು.

"ಕೆಳಗಿನ ತಟ್ಟೆ. ಎಲ್ಲರಿಗಿಂತ ಚೆನ್ನಾಗಿ ಕಲಿತಿದ್ದು ಅವರೇ. ಅವರದು ಇನ್ನೂ ಶುರುವಿನ ಕಾಯಿಲೆ, ಮಾತ್ರೆ ಇಲ್ಲದೇನೂ ನಡೆಯೋ ಹಂತ. ತಮ್ಮನದು ಹಾಗಲ್ಲ. ಅವರಿಗೆ ಮಾತ್ರೆ ಬೇಕೇ ಬೇಕಿತ್ತು. ಅದಕ್ಕೇ ಅವರನ್ನ ನಾವು ಸೇರಿಸಿಕೊಳ್ಳಲಿಲ್ಲ. ಒಮ್ಮೆಲೇ ಮಾತ್ರೆ ಬಿಟ್ರೆ ಗಂಟಲೂ ಮರಗಟ್ಟುತ್ತೆ."

"ಇನ್ನೊಂದು ಕೇಳ್ತೀನಿ. ಅಸಲಿ ಔಷಧಿ ಕುಡಿದು, ಅದರ ಮೇಲೆ ನಂಬಿಕೆ ಇಲ್ಲದೇ ಹೋದ್ರೆ?"

"ಕೈ ನಿಲ್ಲಬಹುದು. ಕಲಿಯೋದು ಅಷ್ಟಾಗಿ ಸುಧಾರಿಸಲ್ಲ ಅನ್ನೋದು ನನ್ನ ಅನುಮಾನ. ಖಚಿತವಾಗಿ ಗೊತ್ತಿಲ್ಲ." ಅವರು ಅವಳನ್ನು ದಿಟ್ಟಿಸಿದರು. "ಯಾಕೆ?"

ಅವಳು ಎದ್ದು ಹೊರಟಳು. ಬಾಗಿಲ ತನಕ ಬಂದ ಡಾಕ್ಟರು ಮೆಲ್ಲಗೆ ಅಂದರು: "ಅವರಿಗೆ ಇದನ್ನ ಹೇಳಬೇಡಿ. ನಂಬಿಕೆ ಹೋದ್ರೆ ಆ ಕೈಗಳನ್ನ ನಾನು ವಾಪಸ್ ತರೋಕೆ ಆಗುತ್ತೋ ಇಲ್ವೋ. ಬೀಗ ಬಿಟ್ರೆ ಆ ಮನುಷ್ಯನಿಗೆ ಬೇರೆ ಏನೂ ಗೊತ್ತಿಲ್ಲ."

*

ಠಾಣೆಯ ಬೆಂಚಿನ ಮೇಲೆ ಔಷಧಿ ಅಕ್ಕ ಕಾಲು ಮಡಚಿ ಕೂತಿದ್ದಳು. ಪಕ್ಕದಲ್ಲಿ ಕುಡಿಯದೇ ಬಿಟ್ಟ ಚಹಾ ಕೆನೆಗಟ್ಟಿತ್ತು.

"ಕುಡಿ."

"ಬೇಡ ಮೇಡಂ. ನಮ್ಮ ಕೆಳಗಿನ ತಟ್ಟೆ ಬಾಟಲಿನೇ ಇದಕ್ಕಿಂತ ವಾಸಿ."

ಇನ್ಸ್‌ಪೆಕ್ಟರ್ ಬಾಟಲಿಯನ್ನು ಅವಳ ಮುಂದಿಟ್ಟು, ಗೆರೆ ಹಾಕಿದ ಮುಚ್ಚಳದ ಮೇಲೆ ಬೆರಳಾಡಿಸಿದಳು. "ಇದು ಯಾರದು ಅಂತ ನಿನಗೆ ಮೊದಲ ದಿನವೇ ಗೊತ್ತಿತ್ತು."

ಔಷಧಿ ಅಕ್ಕ ತಲೆ ತಗ್ಗಿಸಿದಳು.

"ಗೊತ್ತಿದ್ದೂ ಬಾಯಿ ಹೊಲ್ಕೊಂಡು ಕೂತಿದ್ಯಲ್ಲ. ನಾಳೆ ಏನಾಗುತ್ತೆ ಅಂತ ತಿಳಿದಿದೆಯಾ ನಿನಗೆ?"

"ಅವರ ಬಾಟಲಿ ಅಂದ್ರೆ ಅದರಲ್ಲಿ ನೀರಿತ್ತು ಅಂತಾನೂ ಹೇಳಬೇಕಾಗುತ್ತೆ. ಆ ಮನುಷ್ಯ ಮೊದಲನೇ ಸಲ ಬಂದಾಗ ಅಂಗಿ ಗುಂಡಿ ಹಾಕ್ಕೊಳ್ಳೋಕೂ ಆಗ್ತಿರಲಿಲ್ಲ ಮೇಡಂ. ಆಮೇಲೆ ನಮ್ಮ ಆಸ್ಪತ್ರೆ ಕೆಟ್ಟ ಬೀಗ ಎಲ್ಲಾ ರಿಪೇರಿ ಮಾಡಿಕೊಟ್ರು. ಬೇಡ ಅಂದ್ರೂ ಕೇಳಲಿಲ್ಲ."

"ಅಷ್ಟಕ್ಕೆ ಜೈಲಿಗೆ ಹೋಗ್ತಾರಾ ಯಾರಾದ್ರೂ?"

"ಅಷ್ಟೇ ಅಲ್ಲ." ಅವಳ ದನಿ ಇಳಿಯಿತು. "ಒಂದು ದಿನ ಕೇಳಿದ್ರು, 'ಅಕ್ಕಾ, ನಂದು ಅಸಲಿನೇ ಅಲ್ವಾ?' ಅಂತ. ಏನೂ ಹೇಳಬಾರದು ಅಂತ ನಮಗೆ ಕಟ್ಟಪ್ಪಣೆ. ನಾನು ಏನೂ ಹೇಳಲಿಲ್ಲ. ಆದ್ರೆ ಆ ಮುಖ ನೋಡಿ ತಲೆ ಆಡಿಸಿಬಿಟ್ಟೆ. ಇಷ್ಟೇ ಇಷ್ಟು." ಅವಳು ಆಡಿಸಿ ತೋರಿಸಿದಳು. "ಆ ತಲೆ ಆಡಿಸಿದ್ದು ಹೋಗಿ ಹೋಗಿ ಟೈಲರ್ ಗಂಟಲಲ್ಲಿ ನಿಂತಿತು ಮೇಡಂ. ಈಗ ಬಾಯಿ ಬಿಟ್ರೆ ಆ ಮುದುಕನ ಕೈನೂ ನಾನೇ ಮುರಿದ ಹಾಗೆ."

ಇನ್ಸ್‌ಪೆಕ್ಟರ್ ಚಹಾ ಲೋಟವನ್ನು ತಾನೇ ಎತ್ತಿ ಹೊರಗೆ ಚೆಲ್ಲಿ ಬಂದಳು. ಬೇರೆ ತರಿಸಿ ಕೊಟ್ಟಳು.

*

ಅವಳು ಮತ್ತೆ ಅಂಗಡಿಗೆ ಬಂದಾಗ ಬೀದಿಯ ಬಿಸಿಲು ಬಾಗಿಲ ಹೊಸ್ತಿಲಿಗೆ ಬಂದಿತ್ತು. ಡಬ್ಬಿ ಇಟ್ಟಲ್ಲೇ ಇತ್ತು. ಕೀಲಿ ಮಾವ ಟ್ರಂಕಿನ ಬೀಗದ ಜೊತೆ ಇನ್ನೂ ಗುದ್ದಾಡುತ್ತಿದ್ದ.

ಅವಳು ಸ್ಟೂಲನ್ನು ಬೆಂಚಿನ ಹತ್ತಿರಕ್ಕೆ ಎಳೆದುಕೊಂಡಳು. "ಮಾವ, ಆಸ್ಪತ್ರೆ ಬೀರುವಿನ ಬೀಗ ಹೇಗಿತ್ತು?"

ತಂತಿ ನಿಂತಿತು. ಎದುರಿನ ಅಂಗಡಿಯ ರೇಡಿಯೊ ಒಂದು ಹಾಡು ಮುಗಿಸಿ ಇನ್ನೊಂದು ಶುರು ಮಾಡಿತು. ಸುಳ್ಳು ಹೇಳುತ್ತಾನೇನೋ ಎಂದು ಅವಳು ಕಾದಳು. ಅವನ ಮುಖದಲ್ಲಿ ಬಂದದ್ದು ಸುಳ್ಳಲ್ಲ. ಇಷ್ಟು ದಿನದ ದುಃಖದ ನಡುವೆ ಕಸುಬುದಾರನ ಒಂದು ಸಣ್ಣ ಬೆಳಕು ಬಂದು ಹೋಯಿತು.

"ಒಳ್ಳೇ ಬೀಗ ತಾಯಿ. ಮೋಸ ಇಲ್ಲದ್ದು. ಕಾಯ್ತಾ ಕೂತಾಗೆಲ್ಲಾ ಅದನ್ನೇ ನೋಡ್ತಿದ್ದೆ. ಅದೇ ಥರದ್ದೊಂದು ತಂದು ಇಲ್ಲಿ ಬಿಚ್ಚಿ ಬಿಚ್ಚಿ ಕಲಿತೆ. ಚೂರು ಸಡಿಲ ಕೊಟ್ರೆ ಕೈ ತಾನೇ ನೆನಪಿಟ್ಕೊಳ್ಳೋದು. ಎಲ್ಲರೂ ಊಟಕ್ಕೆ ಎದ್ದಾಗ ಹೋಗಿ ತೆಗೆದೆ."

"ತಮ್ಮನಿಗೋಸ್ಕರ."

"ಇನ್ಯಾರಿಗೆ? ಅವನನ್ನ ಸೇರಿಸಿಕೊಳ್ಳೋಲ್ಲ ಅಂದ್ರು. ಅಣ್ಣನ ಕೈ ಸರಿಹೋಗಿ ತಮ್ಮನ ಕೈ ಹಾಗೇ ನಡುಗ್ತಿದ್ರೆ ಅನ್ನ ಗಂಟಲಲ್ಲಿ ಇಳಿಯುತ್ತಾ?" ಅವನು ಬೀಗವನ್ನು ಕೆಳಗಿಟ್ಟ. "ಆ ಹುಡುಗಿದು ಏನೂ ತಪ್ಪಿಲ್ಲ. ನಾನೇ ಬಂದು ಹೇಳಬೇಕಿತ್ತು. ಮಣ್ಣು ಮಾಡಿದ ಮರುದಿನವೇ ಬರಬೇಕು ಅಂತ ಹೊರಟೆ. ಇವಳು ಬಾಗಿಲಲ್ಲಿ ನಿಂತು 'ಭಾವ, ಊಟ' ಅಂದ್ಲು. ಕಾಲು ಏಳಲಿಲ್ಲ."

"ಕದ್ದ ಬಾಟಲಿ ತಮ್ಮನಿಗೆ ಕೊಡಲಿಲ್ಲ ನೀವು."

ಅವನು ಬೆಚ್ಚಿ ನೋಡಿದ.

"ಅಲ್ಲಿ ಸಿಕ್ಕಿದ್ದು ನಿಮ್ಮ ಗೆರೆ ಇರೋ ಮುಚ್ಚಳ. ನಿಮ್ಮ ಪಾಲಿನ ಬಾಟಲಿ. ಕದ್ದಿದ್ದನ್ನ ನೀವೇ ಕುಡಿದ್ರಿ. ಈಗಲೂ ಕುಡೀತಿದೀರಿ. ಕೈ ಹೀಗೆ ನಿಂತಿರೋದು ಅದಕ್ಕೇ."

ಕೀಲಿ ಮಾವ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ, ಯಾರದೋ ಕೈಯೆಂಬಂತೆ ನೋಡಿದ.

"ಹೌದು. ತಂದಿದ್ದು ಅವನಿಗೇ. ಮನೆಗೆ ಬಂದ ಮೇಲೆ ಮನಸ್ಸು ಒಪ್ಪಲಿಲ್ಲ. ಎರಡು ಥರ ಇದೆ ಅಂತ ಡಾಕ್ಟರೇ ಹೇಳಿದಾರಲ್ಲ, ಇದು ಯಾವುದೋ ಏನೋ. ನಂದು ನನ್ನ ಕೈಯಲ್ಲೇ ಪರೀಕ್ಷೆ ಆಗಿರೋದು. ಅಕ್ಕನೂ ತಲೆ ಆಡಿಸಿದ್ಲು. ಗೊತ್ತಿಲ್ಲದ್ದನ್ನ ತಮ್ಮನಿಗೆ ಹೇಗೆ ಕೊಡಲಿ? ನಂದನ್ನ ಅವನಿಗೆ ಕೊಟ್ಟು, ಅದನ್ನ ನಾನಿಟ್ಕೊಂಡೆ. ಕೆಟ್ಟದ್ದಾದ್ರೆ ನನಗಾಗಲಿ ಅಂತ."

ಇನ್ಸ್‌ಪೆಕ್ಟರ್ ಆ ಕೈಗಳನ್ನೇ ನೋಡಿದಳು. ಕದ್ದು ತಂದದ್ದನ್ನು ಹಾಗೇ ಕೊಟ್ಟಿದ್ದರೆ ಆ ಟೈಲರ್ ಬಹುಶಃ ಇವತ್ತೂ ಸೂಜಿಗೆ ದಾರ ಪೋಣಿಸುತ್ತಿದ್ದ. ಈ ಅಣ್ಣ ತನ್ನ ಬಳಿಯಿದ್ದ ಒಳ್ಳೆಯದನ್ನು ಕೊಡಲು ಹೋಗಿಯೇ ಅವನನ್ನು ಕಳೆದುಕೊಂಡ. ಅದು ಅವನಿಗೆ ಗೊತ್ತಿಲ್ಲ. ಗೊತ್ತಾಗಲೇಬೇಕೇ?

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇವನು ಬೀಗ ತೆಗೆದದ್ದನ್ನು ಒಪ್ಪಿಕೊಂಡರೆ ಔಷಧಿ ಅಕ್ಕ ಬಿಡುಗಡೆ. ಕಳ್ಳತನದ ಕಾರಣ ಹೇಳಿದರೆ ನ್ಯಾಯಾಧೀಶರು ಕರುಣೆ ತೋರಬಹುದು. ಬಾಟಲಿಯಲ್ಲಿ ಏನಿತ್ತೆಂಬುದನ್ನು ಡಾಕ್ಟರ ಜೊತೆ ಮುಚ್ಚಿದ ಕೋಣೆಯಲ್ಲಿ ಮಾತಾಡಿಕೊಳ್ಳಬಹುದು. ಈ ಕೈಗಳ ಮುಂದೆ ಆ ಮಾತು ಬರಬೇಕಾಗಿಲ್ಲ. ಎಷ್ಟೋ ದಿನದ ಮೇಲೆ ಅವಳ ಎದೆಯ ಭಾರ ಸ್ವಲ್ಪ ಇಳಿಯಿತು.

"ನನ್ನ ಜೊತೆ ಬನ್ನಿ ಮಾವ. ಬೀಗ ತೆಗೆದಿದ್ದು ನಾನೇ ಅಂತ ಹೇಳಿ ಸಾಕು. ಉಳಿದಿದ್ದು ನಾನು ನೋಡ್ಕೋತೀನಿ."

"ನಡೀರಿ." ಅವನು ತಟ್ಟನೆ ಎದ್ದು ಗೂಟದಲ್ಲಿದ್ದ ಅಂಗಿ ತೆಗೆದುಕೊಂಡ. "ಆ ಹುಡುಗಿ ಮುಖ ನೋಡೋಕೆ ಇವತ್ತು ಸ್ವಲ್ಪ ಧೈರ್ಯ ಬಂದಿದೆ. ಬೆಳಿಗ್ಗೆ ಅವಳ ಮನೆಗೆ ಹೋಗಿದ್ದೆ."

"ಅವಳ ಮನೆಗೆ? ಯಾಕೆ?"

"ಅವಳ ಅಪ್ಪ ಒಬ್ಬರೇ ಇದ್ದಾರೆ ಪಾಪ. ಅವರಿಗೂ ನಮ್ಮದೇ ಕಾಯಿಲೆ, ತಮ್ಮನಷ್ಟೇ ಜೋರಿದೆ. ಮಗಳನ್ನ ನನ್ನಿಂದಾಗಿ ಕೂಡಿಹಾಕಿದಾರೆ, ನಾನೇನಾದ್ರೂ ಮಾಡಬೇಕಲ್ಲ. ಆಸ್ಪತ್ರೆಯಲ್ಲಿ ಮೊನ್ನೆ ನನ್ನ ಪಾಲಿನ ಹೊಸ ಬಾಟಲಿ ಕೊಟ್ಟಿದ್ರು. ಅದನ್ನ ಹೋಗಿ ಕೊಟ್ಟು ಬಂದೆ."

ಇನ್ಸ್‌ಪೆಕ್ಟರ್ ಅಲ್ಲಾಡಲಿಲ್ಲ. "ಅವರ ಮಾತ್ರೆ?"

"ಚರಂಡಿಗೆ ಹಾಕಿಸಿದೆ. ತಮ್ಮ ಮೊದಮೊದಲು ಎರಡನ್ನೂ ಜೊತೆಗೆ ತಗೊಂಡ, ಒಂದಕ್ಕೊಂದು ಜಗಳ ಆಡ್ತು. ಮಾತ್ರೆ ಬಿಡಿಸೋದರಲ್ಲಿ ನಾನು ತಡ ಮಾಡಿದೆ ತಾಯಿ. ಅದಕ್ಕೇ ಅವನು ಹೋದ. ಈ ಸಲ ತಡ ಮಾಡಲಿಲ್ಲ."

ಅವಳು ಬೀದಿಗೆ ಬಂದು ಫೋನು ತೆಗೆದಳು. ಆ ಮನೆಯ ಹತ್ತಿರದ ಕಾನ್‌ಸ್ಟೇಬಲ್‌ನನ್ನು ಹಿಡಿದು, ಡಾಕ್ಟರನ್ನು ಕೇಳಿ ಮಾತ್ರೆ ತಗೊಂಡು ಓಡು ಎಂದಳು. ತಿರುಗಿ ನೋಡಿದರೆ ಕೀಲಿ ಮಾವ ಅಂಗಿಯ ಒಂದು ತೋಳಿನಲ್ಲಿ ಕೈ ಹಾಕಿಕೊಂಡು ಅವಳನ್ನೇ ನೋಡುತ್ತಿದ್ದ.

"ಮತ್ತೆ ಮಾತ್ರೆ ಯಾಕೆ ಕೊಡಿಸ್ತೀರಿ?"

"ಎರಡೂ ಬೇಕಂತೆ. ಡಾಕ್ಟರು ಹೇಳಿದ್ರು."

"ನನಗೆ ಯಾವತ್ತೂ ಹೇಳಲಿಲ್ಲವಲ್ಲ."

ಅವಳು ಒಳಗೆ ಬಂದು ಫೋನನ್ನು ಬೆಂಚಿನ ಮೇಲಿಟ್ಟಳು. ಅವನು ಇನ್ನೊಂದು ತೋಳು ಹಾಕಿಕೊಳ್ಳದೆ ಹಾಗೇ ಸ್ಟೂಲಿನ ಮೇಲೆ ಕೂತ. ಇಬ್ಬರೂ ಫೋನು ನೋಡುತ್ತ ಕಾದರು. ರೇಡಿಯೊದವನು ಅಂಗಡಿ ಮುಚ್ಚಿ ಊಟಕ್ಕೆ ಹೋದ.

ಫೋನು ಬಂದಾಗ ಕಾನ್‌ಸ್ಟೇಬಲ್ ಏದುಸಿರು ಬಿಡುತ್ತಿದ್ದ. "ಮೇಡಂ, ಯಜಮಾನರು ಮಾತ್ರೆಗೆ ಬಾಯೇ ತೆರೀತಿಲ್ಲ. ಇವತ್ತು ನಾನೇ ಅಂಗಿ ಗುಂಡಿ ಹಾಕ್ಕೊಂಡೆ ಅಂತ ಬೀದಿಯವರಿಗೆಲ್ಲಾ ತೋರಿಸ್ತಾ ಕೂತಿದಾರೆ. ಇನ್ನು ಈ ಹಾಳು ಮಾತ್ರೆ ಮುಟ್ಟಲ್ಲ ಅಂತಾರೆ. ಡಾಕ್ಟರ ಮಾತೂ ಬೇಡವಂತೆ. ಕೀಲಿ ಮಾವ ಅವರ ಬಾಯಿಂದಲೇ ಹೇಳಿದ್ರೆ ಮಾತ್ರ ತಗೋತಾರಂತೆ. ಅವರು ನಿಮ್ಮ ಹತ್ತಿರ ಇದ್ದಾರಾ?"

ಇನ್ಸ್‌ಪೆಕ್ಟರ್ ಫೋನನ್ನು ಕೀಲಿ ಮಾವನ ಕಡೆ ಚಾಚಿದಳು. "ಮಾತ್ರೆ ತಗೊಳ್ಳಿ ಅಂತ ಹೇಳಿ ಮಾವ. ದಯವಿಟ್ಟು."

ಅವನು ಫೋನು ಇಸಿದುಕೊಂಡ. ಕಿವಿಗೆ ಹಿಡಿಯಲಿಲ್ಲ. ಅತ್ತ ಕಡೆಯಿಂದ ಯಜಮಾನರ ನಗುವಿನ ದನಿ ಸಣ್ಣಗೆ ಕೇಳುತ್ತಿತ್ತು.

"ಹೇಳ್ತೀನಿ. ಯಾಕೆ ಅಂತ ಅವರು ಕೇಳ್ತಾರೆ. ನಾನು ಏನಂತ ಹೇಳಲಿ?" ಕೀಲಿ ಮಾವ ಅವಳ ಕಣ್ಣನ್ನೇ ನೋಡಿದ. "ನನ್ನ ಬಾಟಲಿಯಲ್ಲಿ ಏನಿತ್ತು ತಾಯಿ?"